ಎಲ್ಲದಕ್ಕೂ ಇಸ್ತ್ರಿ ಬೇಡ: ಯಾವ ಬಟ್ಟೆಗೆ ಬೇಕು, ಯಾವುದನ್ನ ಸುಮ್ನೆ ಮಡಚಿಟ್ಟರೆ ಸಾಕು

ಒಂದು ಕಾಲದಲ್ಲಿ ನಾನು ಟವೆಲ್‌ಗೂ ಇಸ್ತ್ರಿ ಹಾಕ್ತಿದ್ದೆ. ನಗಬೇಡಿ, ನಿಜ. ಭಾನುವಾರ ಮಧ್ಯಾಹ್ನ ಐರನ್ ಬಾಕ್ಸ್ ಹಿಡ್ಕೊಂಡು ನಿಂತ್ರೆ ಶರ್ಟು, ಪ್ಯಾಂಟು, ಬನಿಯನ್ನು, ದಿಂಬಿನ ಕವರ್ರು, ಕರ್ಚೀಫು, ಕೊನೆಗೆ ಟವೆಲ್ಲು, ಎಲ್ಲಾ ಮುಗಿಯೋ ಹೊತ್ತಿಗೆ ಸಂಜೆ ಆಗಿರೋದು, ಬೆನ್ನು ಬೇರೆ ಹಿಡ್ಕೊಂಡಿರೋದು. ಆಮೇಲೆ ಒಂದಿನ ಗೊತ್ತಾಯ್ತು, ಟವೆಲ್‌ಗೆ ಇಸ್ತ್ರಿ ಹಾಕಿದ್ರೆ ಅದು ಚೆನ್ನಾಗಾಗೋದಿರಲಿ ಹಾಳೇ ಆಗತ್ತೆ ಅಂತ. ಟವೆಲ್ ಮೇಲೆ ಸಣ್ಣ ಸಣ್ಣ ದಾರದ ಕುಣಿಕೆ ಎದ್ದು ನಿಂತಿರತ್ತಲ್ಲ, ನೀರು ಹೀರೋದೇ ಅವು, ಅವನ್ನ ಬಿಸಿ ಕಬ್ಬಿಣದಿಂದ ಒತ್ತಿ ಚಪ್ಪಟೆ ಮಾಡಿದ್ರೆ ಟವೆಲ್ ನೋಡಕ್ಕೆ ನೀಟು, ಮೈ ಒರೆಸ್ಕೊಳಕ್ಕೆ ದಂಡ. ಅವತ್ತಿಂದ ಒಂದೊಂದೇ ಬಟ್ಟೆ ಇಸ್ತ್ರಿ ಗುಡ್ಡೆಯಿಂದ ಆಚೆ ಹಾಕ್ತಾ ಬಂದೆ. ಈಗ ವಾರಕ್ಕೆ ಐದಾರು ಶರ್ಟು, ಎರಡು ಪ್ಯಾಂಟು, ಅಲ್ಲಿಗೆ ಮುಗೀತು. ಇಷ್ಟು ದಿನದಲ್ಲಿ ಯಾರೂ "ಏನ್ರೀ ನಿಮ್ಮ ಬನಿಯನ್ನು ಮುದುರಿದೆಯಲ್ಲ" ಅಂತ ಕೇಳಿಲ್ಲ.

ಮೊದಲು ಸುಕ್ಕು ಯಾಕೆ ಬರತ್ತೆ ಅಂತ ಸ್ವಲ್ಪ ತಿಳ್ಕೊಳ್ಳಿ, ಇದೊಂದು ಗೊತ್ತಿದ್ರೆ ಮಿಕ್ಕಿದ್ದೆಲ್ಲ ತಾನಾಗೇ ಅರ್ಥ ಆಗತ್ತೆ. ಹತ್ತಿ, ಲಿನನ್ ಇವೆಲ್ಲ ಸೆಲ್ಯುಲೋಸ್. ಆ ಸೆಲ್ಯುಲೋಸ್‌ನ ಉದ್ದುದ್ದ ಅಣುಗಳು ಒಂದಕ್ಕೊಂದು ಹೈಡ್ರೋಜನ್ ಬಾಂಡ್‌ನಿಂದ ಕೈ ಹಿಡ್ಕೊಂಡಿರತ್ವೆ. ನೀರು ತಾಗಿದ್ರೆ ಆ ಕೈ ಬಿಡತ್ತೆ, ನೀರು ಆರಿದಾಗ ಮತ್ತೆ ಹಿಡ್ಕೊಳತ್ತೆ. ಹಿಡ್ಕೊಳೋ ಟೈಮಲ್ಲಿ ಬಟ್ಟೆ ಮುದುರಿ ಬಕೆಟ್‌ನಲ್ಲಿ ಬಿದ್ದಿತ್ತೋ, ಮುದುರಿದ ಹಾಗೇ ಹಿಡ್ಕೊಳತ್ತೆ, ಬೇಕಾದ್ರೆ ಎಳೆದು ನೋಡಿ, ಹೋಗಲ್ಲ. ನಾವು ಇಸ್ತ್ರಿ ಮಾಡೋದು ಅಂದ್ರೆ ನೀರು, ಬಿಸಿ, ಭಾರ ಮೂರೂ ಸೇರಿಸಿ ಆ ಕೈಗಳನ್ನ ಬಿಡಿಸಿ, ಬಟ್ಟೆನ ಸಪಾಟಾಗಿಟ್ಟು, ಒಣಗಿಸಿ, ಆ ಸಪಾಟಾದ ಸ್ಥಿತಿಲೇ ಮತ್ತೆ ಕೈ ಹಿಡಿಸೋದು. ಹಂಗಾಗಿ ಒಣ ಕಾಟನ್ ಮೇಲೆ ಒಣ ಐರನ್ ಬಾಕ್ಸ್ ಎಷ್ಟು ಸಲ ತಿಕ್ಕಿದ್ರೂ ಅರ್ಧ ಕೆಲಸನೇ ಆಗೋದು, ನೀರು ಇಲ್ದೆ ಮೊದಲ ಹೆಜ್ಜೆನೇ ನಡೆಯಲ್ಲ. ಪಾಲಿಯೆಸ್ಟರ್ ಕತೆ ಬೇರೆ, ಅದು ನೀರಿಗೆ ಅಷ್ಟಾಗಿ ಜಗ್ಗಲ್ಲ, ಆದ್ರೆ ಸುಮಾರು 70-80 ಡಿಗ್ರಿ ದಾಟಿದ್ರೆ ಮೆತ್ತಗಾಗತ್ತೆ, ತಣ್ಣಗಾದಾಗ ಯಾವ ಆಕಾರದಲ್ಲಿತ್ತೋ ಅದೇ ಆಕಾರಕ್ಕೆ ಗಟ್ಟಿಯಾಗತ್ತೆ. ಅದಕ್ಕೇ ಪಾಲಿಯೆಸ್ಟರ್ ಬಟ್ಟೆನ ತುಂಬಾ ಬಿಸಿ ನೀರಲ್ಲಿ ಒಗೆದು, ಹಂಗೇ ಬಿಗಿಯಾಗಿ ಹಿಂಡಿಬಿಟ್ರೆ ಸುಕ್ಕು ಬರತ್ತೆ, ತಣ್ಣೀರಲ್ಲಿ ಒಗೆದು ನೇತು ಹಾಕಿದ್ರೆ ಇಸ್ತ್ರಿನೇ ಬೇಡ.

ಇನ್ನು ಯಾವುದಕ್ಕೆ ಇಸ್ತ್ರಿ ಬೇಕು ಅಂತ ನಿರ್ಧಾರ ಮಾಡೋದು ಹೇಗೆ? ನಾನು ಮಾಡೋದು ಮುಷ್ಟಿ ಟೆಸ್ಟು. ಒಣಗಿದ ಬಟ್ಟೆದು ಒಂದು ಮೂಲೆ ತಗೊಂಡು ಮುಷ್ಟಿಲಿ ಗಟ್ಟಿಯಾಗಿ ಹಿಡ್ಕೊಂಡು ಹತ್ತು ಎಣಿಸಿ ಬಿಡಿ. ಬಿಟ್ಟ ತಕ್ಷಣ ಬಿಚ್ಕೊಂಡು ಸಪಾಟಾದ್ರೆ ಅದಕ್ಕೆ ಇಸ್ತ್ರಿ ದಂಡ, ನೇರ ಬೀರುಗೆ. ಮುದುರಿದ ಕಾಗದದ ತರ ಗೆರೆ ಉಳ್ಕೊಂಡ್ರೆ ಆಗ ಎರಡನೇ ಪ್ರಶ್ನೆ: ಇದು ಹೊರಗೆ ನಾಲ್ಕು ಜನಕ್ಕೆ ಕಾಣತ್ತಾ? ಸ್ವೆಟರ್ ಒಳಗೆ ಹಾಕೋ ಶರ್ಟ್ ಆದ್ರೆ ಕಾಲರ್ರು, ತೋಳಿನ ತುದಿ ಪಟ್ಟಿ ಮಾತ್ರ ಕಾಣೋದು, ಅಷ್ಟಕ್ಕೇ ಹಾಕಿ. (ಸ್ವೆಟರ್ ಬಿಚ್ಚೋ ಪ್ರಸಂಗ ಬರಲ್ಲ ಅಂತ ಗ್ಯಾರಂಟಿ ಇದ್ರೆ ಮಾತ್ರ. ನನಗೆ ಒಂದ್ಸಲ ಬಂದಿತ್ತು, ಇಡೀ ದಿನ ಸೆಕೆಲೇ ಕೂತಿದ್ದೆ.) ಮೂರನೇ ಪ್ರಶ್ನೆ, ಹಾಕ್ಕೊಂಡ ಹತ್ತು ನಿಮಿಷದಲ್ಲಿ ಇದು ಮತ್ತೆ ಹಿಂಗೇ ಆಗತ್ತಾ? ಆಗತ್ತೆ ಅಂದ್ರೆ ಪೂರ್ತಿ ನೀಟಾಗಿ ತಿಕ್ಕೋ ಹಟ ಬಿಡಿ, ಎದೆ ಭಾಗ ಕಾಲರ್ ಮಾಡಿ ಸುಮ್ನಾಗಿ. ಲಿನನ್ ಅಂತೂ ಇದೇ ಜಾತಿ, ಅದರ ನಾರು ಬಾಗೋದೇ ಕಡಿಮೆ, ಒಮ್ಮೆ ಕೂತು ಎದ್ರೆ ತೊಡೆ ಮೇಲೆ ಗೆರೆ ಬಿದ್ದೇ ಬೀಳತ್ತೆ, ಅದೇ ಅದರ ಅಂದ ಅಂತ ಅಂದ್ಕೊಳ್ಳೋದು ವಾಸಿ.

ಇಸ್ತ್ರಿ ಬೇಡವೇ ಬೇಡ ಅನ್ನೋ ಗುಂಪು ದೊಡ್ಡದು. ಟವೆಲ್ ಹೇಳಿದ್ನಲ್ಲ. ಒಳಉಡುಪು, ಸಾಕ್ಸು, ಟ್ರ್ಯಾಕ್ ಪ್ಯಾಂಟು, ಆಟಕ್ಕೆ ಹಾಕೋ ಟೀಶರ್ಟು, ಲೆಗ್ಗಿಂಗ್ಸು, ಇವುಗಳಲ್ಲಿ ಎಲಾಸ್ಟಿಕ್ ದಾರ ಇರತ್ತೆ, ಬಿಸಿ ತಾಗ್ತಾ ತಾಗ್ತಾ ಎಲಾಸ್ಟಿಕ್ ಸತ್ತೋಗತ್ತೆ, ಸೊಂಟದ ಹತ್ರ ಸಡಿಲ ಆಗಿ ಇಳೀತಾ ಇರತ್ತೆ. ಜೀನ್ಸ್ ಒದ್ದೆ ಇರುವಾಗಲೇ ಎರಡು ಸಲ ಜೋರಾಗಿ ಕೊಡವಿ, ಹೊಲಿಗೆ ಎಳೆದು ನೇತು ಹಾಕಿದ್ರೆ ಅದರ ಭಾರಕ್ಕೇ ನೆಟ್ಟಗಾಗತ್ತೆ. ಮನೇಲಿ ಹಾಕೋ ನೈಟಿ, ಪೈಜಾಮ, ರಾತ್ರಿ ಮಲಗೋ ಬಟ್ಟೆ, ಇವಕ್ಕೆ ಇಸ್ತ್ರಿ ಹಾಕೋರನ್ನ ನೋಡಿದ್ರೆ ನನಗೆ ಗೌರವ ಬರತ್ತೆ ಆದ್ರೆ ಅರ್ಥ ಆಗಲ್ಲ. ಬೆಡ್‌ಶೀಟ್ ಇಬ್ಬರು ಎದುರುಬದುರು ನಿಂತು ನಾಲ್ಕು ಮೂಲೆ ಹಿಡಿದು ಜಗ್ಗಿ, ಸ್ವಲ್ಪ ಪಸೆ ಇರುವಾಗಲೇ ಮಡಚಿ ಒಣಹಾಕಿದ್ರೆ ಸಾಕು, ಹಾಸಿದ ಮೇಲೆ ಮೈ ಭಾರಕ್ಕೆ ತಾನೇ ಸಪಾಟಾಗತ್ತೆ. ಇಲ್ಲಿ ಒಂದು ಮಜಾ ವಿಷ್ಯ ಹೇಳ್ಬೇಕು: ಆಫ್ರಿಕಾದ ಕೆಲವು ಕಡೆ ಒಳಉಡುಪು, ಬೆಡ್‌ಶೀಟ್ ಸಮೇತ ಎಲ್ಲದಕ್ಕೂ ಇಸ್ತ್ರಿ ಹಾಕ್ತಾರೆ, ಶೋಕಿಗಲ್ಲ. ಅಲ್ಲಿ ಮ್ಯಾಂಗೋ ಫ್ಲೈ ಅಂತ ಒಂದು ನೊಣ, ಹೊರಗೆ ಒಣಹಾಕಿದ ಒದ್ದೆ ಬಟ್ಟೆ ಮೇಲೆ ಮೊಟ್ಟೆ ಇಟ್ಟುಬಿಡತ್ತೆ, ಬಟ್ಟೆ ಹಾಕ್ಕೊಂಡಾಗ ಅದರ ಮರಿಹುಳ ಚರ್ಮದೊಳಗೆ ಸೇರ್ಕೊಳತ್ತೆ, ಇಸ್ತ್ರಿ ಬಿಸಿಗೆ ಮೊಟ್ಟೆ ಸಾಯತ್ತೆ. ಅಂಥ ಕಾರಣ ಇದ್ರೆ ಚಡ್ಡಿಗೂ ಇಸ್ತ್ರಿ ಹಾಕಿ, ಇಲ್ಲಾಂದ್ರೆ ಬಿಟ್ಟಾಕಿ.

ಹಾಕಲೇಬೇಕಾದ್ದು ಕಾಟನ್ ಶರ್ಟು, ಯೂನಿಫಾರ್ಮು, ಗೆರೆ ಇರೋ ಪ್ಯಾಂಟು, ನೆರಿಗೆ ಲಂಗ, ಕಾಟನ್ ಸೀರೆ. ಕರ್ಚೀಫ್ ನಿಮ್ಮಿಷ್ಟ. "ವ್ರಿಂಕಲ್ ಫ್ರೀ" ಅಂತ ಬರೆದಿರೋ ಕಾಟನ್ ಶರ್ಟ್ ಬಗ್ಗೆ ಕೆಲವರು ಅದು ಬರೀ ಬೊಗಳೆ ಅಂತಾರೆ, ಬೊಗಳೆ ಅಲ್ಲ. ಮೇಲೆ ಹೇಳಿದ ಆ ಹೈಡ್ರೋಜನ್ ಬಾಂಡ್ ನೀರಿಗೆ ಬಿಟ್ಟೋಗತ್ತೆ ಅಂದ್ನಲ್ಲ, ಅದರ ಜಾಗದಲ್ಲಿ ನೀರಿಗೆ ಬಿಡದಂಥ ಗಟ್ಟಿ ಸೇತುವೆನ ರಾಸಾಯನಿಕವಾಗಿ ಕಟ್ಟಿರ್ತಾರೆ. 1950ರ ದಶಕದಲ್ಲಿ ಅಮೆರಿಕದ ಕೃಷಿ ಇಲಾಖೆ ಲ್ಯಾಬ್‌ನಲ್ಲಿ ಕೆಲಸ ಮಾಡ್ತಿದ್ದ ರೂತ್ ಬೆನೆರಿಟೊ ಅನ್ನೋ ಕೆಮಿಸ್ಟ್‌ದು ಇದರಲ್ಲಿ ದೊಡ್ಡ ಪಾತ್ರ. ಇಂಥ ಶರ್ಟ್ ಒಗೆದು ಹ್ಯಾಂಗರ್‌ಗೆ ಹಾಕಿದ್ರೆ ಕಾಲರ್‌ಗೆ ಒಂದು ಕೈ ಆಡಿಸಿದ್ರೆ ಸಾಕು. ಆದ್ರೆ ಆ ಸೇತುವೆಯಿಂದ ದಾರದ ಬಲ ಕಮ್ಮಿ ಆಗತ್ತೆ, ಕಾಲರ್ ಅಂಚು ಮಾಮೂಲಿ ಕಾಟನ್‌ಗಿಂತ ಬೇಗ ಸವೆಯತ್ತೆ, ಅದು ಗೊತ್ತಿದ್ದು ತಗೊಳ್ಳಿ.

ಈಗ ಮುಖ್ಯ ಮಾತು. ಇಸ್ತ್ರಿ ಕೆಲಸ ಅರ್ಧಕ್ಕರ್ಧ ಮುಗಿಯೋದು ಒಣಹಾಕೋ ಹಗ್ಗದ ಮೇಲೆ, ಇಸ್ತ್ರಿ ಟೇಬಲ್ ಮೇಲಲ್ಲ. ವಾಷಿಂಗ್ ಮೆಷಿನ್ ಕೂಗಿದ ತಕ್ಷಣ ಬಟ್ಟೆ ತೆಗೀರಿ, ನಿಂತ ಡ್ರಮ್ಮಲ್ಲಿ ಗಂಟುಗಂಟಾಗಿ ಎರಡು ಗಂಟೆ ಬಿದ್ದಿದ್ರೆ ಆ ಸುಕ್ಕು ತೆಗಿಯೋಕೆ ನಿಮ್ಮ ಅಪ್ಪ ಅಜ್ಜ ಎಲ್ಲ ಬರಬೇಕು. ಡ್ರಮ್ ತುಂಬಾ ತುರುಕಬೇಡಿ, ಶರ್ಟ್‌ಗಳಿಗೆ ಸ್ಪಿನ್ ಸ್ಪೀಡ್ ಕಮ್ಮಿ ಇಡಿ, ಒಣಗೋದು ಅರ್ಧ ಗಂಟೆ ತಡ ಆಗಬಹುದು, ಆಗಲಿ ಬಿಡಿ. ಶರ್ಟನ್ನ ಭುಜದಲ್ಲಿ ಹಿಡ್ಕೊಂಡು ಪಟ್ ಅಂತ ಸದ್ದು ಬರೋ ಹಾಗೆ ಎರಡು ಮೂರು ಸಲ ಕೊಡವಿ, ಅಗಲ ಭುಜದ ಹ್ಯಾಂಗರ್‌ಗೆ ಹಾಕಿ, ಮೇಲಿನ ಎರಡು ಗುಂಡಿ ಹಾಕಿ, ಕಾಲರ್ ನೆಟ್ಟಗೆ ಮಾಡಿ, ಗುಂಡಿ ಪಟ್ಟಿನ ಮೇಲಿಂದ ಕೆಳಗೆ ಎರಡು ಬೆರಳಲ್ಲಿ ಹಿಡಿದು ಎಳೀರಿ, ಜೇಬಿನ ಮೇಲೆ ಅಂಗೈ ಒತ್ತಿ ಸವರಿ. ಇಷ್ಟಕ್ಕೆ ಒಂದು ಶರ್ಟ್‌ಗೆ ಅರ್ಧ ನಿಮಿಷ, ಉಳಿಯೋದು ಇಸ್ತ್ರಿಲಿ ಎರಡು ಮೂರು ನಿಮಿಷ. ಹಗ್ಗದ ಮೇಲೆ ಹಾಕೋದೇ ಆದ್ರೆ ಶರ್ಟನ್ನ ಕೆಳ ಅಂಚಿಂದ ತಲೆಕೆಳಗಾಗಿ ಕ್ಲಿಪ್ ಹಾಕಿ, ಭುಜದಲ್ಲಿ ಕ್ಲಿಪ್ ಹಾಕಿದ್ರೆ ಅಲ್ಲಿ ಕಿವಿ ಎದ್ದಿರತ್ತೆ, ಅದು ನೇರ ಎಲ್ಲರ ಕಣ್ಣಿಗೆ ಬೀಳೋ ಜಾಗ.

ಪೂರ್ತಿ ಗರಿಗರಿ ಒಣಗೋವರೆಗೂ ಬಿಡ್ಬೇಡಿ. ಮುಟ್ಟಿದ್ರೆ ತಣ್ಣಗೆ, ಪಸೆ ಪಸೆ ಅನ್ನಿಸಬೇಕು, ಕೈಗೆ ನೀರು ಅಂಟಬಾರದು, ಅದೇ ಸರಿಯಾದ ಹೊತ್ತು. ತಪ್ಪಿ ಒಣಗಿಹೋದ್ರೆ ಸ್ಪ್ರೇ ಬಾಟಲ್‌ನಿಂದ ಒಂದೇ ಸಮ ನೀರು ಹೊಡೆದು, ಸುರುಳಿ ಸುತ್ತಿ ಹತ್ತು ಹದಿನೈದು ನಿಮಿಷ ಪ್ಲಾಸ್ಟಿಕ್ ಕವರ್‌ನಲ್ಲೋ ಟವೆಲ್ ಒಳಗೋ ಇಡಿ, ಪಸೆ ಎಲ್ಲಾ ಕಡೆ ಹರಡ್ಕೊಳತ್ತೆ. ನೀರು ಚಿಮುಕಿಸಿ ಆ ಕ್ಷಣಕ್ಕೇ ತಿಕ್ಕಿದ್ರೆ ಹನಿ ಬಿದ್ದ ಕಡೆ ಮಾತ್ರ ಸುಕ್ಕು ಹೋಗಿ ಪಕ್ಕದಲ್ಲಿ ಹಾಗೇ ಉಳಿಯತ್ತೆ. ಲಿನನ್‌ಗೆ ಇನ್ನೂ ಜಾಸ್ತಿ ಪಸೆ ಬೇಕು.

ಬಟ್ಟೆ ಒಳಗಿನ ಲೇಬಲ್ ಮೇಲೆ ಸಣ್ಣ ಐರನ್ ಬಾಕ್ಸ್ ಚಿತ್ರ, ಅದರೊಳಗೆ ಚುಕ್ಕಿ ಇರತ್ತೆ ನೋಡಿ. ಒಂದು ಚುಕ್ಕಿ ಅಂದ್ರೆ ತಳದ ಬಿಸಿ ಹೆಚ್ಚಂದ್ರೆ 110 ಡಿಗ್ರಿ, ಎರಡು ಅಂದ್ರೆ 150, ಮೂರು ಅಂದ್ರೆ 200. ಚಿತ್ರದ ಮೇಲೆ ಅಡ್ಡ ಗೀಟು ಹಾಕಿದ್ರೆ ಇಸ್ತ್ರಿ ಮುಟ್ಟಿಸಲೇಬಾರದು. ಸುಮಾರಾಗಿ ನೈಲಾನು, ಅಕ್ರಿಲಿಕ್ ಒಂದು ಚುಕ್ಕಿ, ಪಾಲಿಯೆಸ್ಟರು, ರೇಷ್ಮೆ, ಉಣ್ಣೆ ಎರಡು, ಹತ್ತಿ ಲಿನನ್ ಮೂರು. ಮಿಶ್ರಣ ಇದ್ರೆ ಅದರಲ್ಲಿ ಯಾವುದು ಬಿಸಿಗೆ ಮೊದಲು ಹೆದರತ್ತೋ ಅದರ ಲೆಕ್ಕ ಹಿಡೀರಿ, ನೂರಕ್ಕೆ ತೊಂಬತ್ತು ಕಾಟನ್ ಇದ್ರೂ ಹತ್ತು ನೈಲಾನ್ ಇದ್ರೆ ನೈಲಾನ್ ಮಾತೇ ಕೇಳಬೇಕು. ಆಮೇಲೆ ಬಟ್ಟೆಗಳನ್ನ ಕಮ್ಮಿ ಬಿಸಿಯಿಂದ ಜಾಸ್ತಿ ಬಿಸಿ ಕಡೆಗೆ ಸಾಲಾಗಿ ಇಟ್ಕೊಳ್ಳಿ. ಐರನ್ ಬಾಕ್ಸ್ ಬಿಸಿ ಆಗೋದು ಬೇಗ, ಆರೋದು ನಿಧಾನ, ಕಾಟನ್ ಮುಗಿಸಿ ಡಯಲ್ ತಿರುಗಿಸಿದ ತಕ್ಷಣ ಪಾಲಿಯೆಸ್ಟರ್ ಮೇಲಿಟ್ರೆ ತಳ ಇನ್ನೂ ಹಳೇ ಬಿಸಿಲೇ ಇರತ್ತೆ.

ನಾನು ಕಲ್ತಿದ್ದು ಹಂಗೇ. ಎಲ್ಲಿಗೋ ಹೋಗೋ ಅವಸರ, ಕಾಟನ್ ಶರ್ಟ್ ಮುಗಿಸಿ ಅದೇ ಬಿಸಿಲಿ ತೆಳ್ಳನೆ ಶಾಲ್ ಮೇಲಿಟ್ಟೆ. ಸರ್ ಅಂತ ಜಾರಬೇಕಿದ್ದ ಪೆಟ್ಟಿಗೆ ಟಕ್ ಅಂತ ನಿಂತ್ಕೊಳ್ತು, ಎತ್ತಿದ್ರೆ ಶಾಲೂ ಜೊತೇಲೇ ಎದ್ದು ಬಂತು, ಎಳೆದ ಮೇಲೆ ನೋಡಿದ್ರೆ ಐರನ್ ಬಾಕ್ಸ್ ಮೂತಿ ಆಕಾರದ್ದೇ ಒಂದು ಕಿಟಕಿ. ತಳದಲ್ಲಿ ಕಂದು ಬಣ್ಣದ ಅಂಟು. ಅವಸರದಲ್ಲಿ ಅದನ್ನ ಚಾಕುಲಿ ಕೆರೆದೆ, ತಳದ ಕೋಟಿಂಗೂ ಹೋಯ್ತು, ಆಮೇಲೆ ಆ ಗೀರು ಬಿಟ್ಟ ಕಡೆ ಎಲ್ಲ ಬಟ್ಟೆನೂ ತೊಡರ್ಕೊಳ್ಳಕ್ಕೆ ಶುರು. ನೀವು ಹಂಗೆ ಮಾಡ್ಬೇಡಿ: ಪ್ಲಗ್ ತೆಗೆದು, ಪೂರ್ತಿ ಆರೋಕೆ ಮುಂಚೆ, ಅಂಟು ಇನ್ನೂ ಮೆತ್ತಗಿರುವಾಗಲೇ ಮರದ ಸೌಟಿನ ಅಂಚಿಂದ ನಿಧಾನಕ್ಕೆ ತಳ್ಳಿ, ಆಮೇಲೆ ಹಳೇ ಕಾಟನ್ ಬಟ್ಟೆ ಒದ್ದೆ ಮಾಡ್ಕೊಂಡು ಒರೆಸಿ.

ಶರ್ಟ್ ಇಸ್ತ್ರಿ ಕ್ರಮ ಒಂದೊಂದು ಮನೇಲಿ ಒಂದೊಂದು, ಆದ್ರೆ ಲೆಕ್ಕಾಚಾರ ಒಂದೇ, ಸಣ್ಣ ಭಾಗ ಮೊದಲು ದೊಡ್ಡ ಭಾಗ ಆಮೇಲೆ, ಯಾಕಂದ್ರೆ ದೊಡ್ಡದನ್ನ ಮೊದಲು ಮಾಡಿ ಆಮೇಲೆ ಕಾಲರ್‌ಗೆ ಬಂದ್ರೆ ಮಾಡಿದ್ದೆಲ್ಲ ಮತ್ತೆ ಮುದುರತ್ತೆ. ಕಾಲರ್ ಬಿಚ್ಚಿ ಹಿಂಬದಿ ಮೇಲೆ ಬರೋ ಹಾಗೆ ಹಾಸಿ, ಎರಡೂ ತುದಿಯಿಂದ ಮಧ್ಯಕ್ಕೆ ಬನ್ನಿ. ಮಧ್ಯದಿಂದ ತುದಿಗೆ ಹೋದ್ರೆ ಬಟ್ಟೆ ಮುಂದಕ್ಕೆ ತಳ್ಕೊಂಡು ಹೋಗಿ ಸರಿಯಾಗಿ ತುದಿಲೇ ಒಂದು ಸಣ್ಣ ಮಡಿಕೆ ಕೂರತ್ತೆ, ಆ ಮಡಿಕೆ ನೀವು ಏನು ಮಾಡಿದ್ರೂ ಹೋಗಲ್ಲ. ಆಮೇಲೆ ಕಾಲರ್ ತಿರುಗಿಸಿ ಹೊರಮೈ. ಆಮೇಲೆ ಭುಜದ ಪಟ್ಟಿ, ಅದನ್ನ ಟೇಬಲ್ ಮೂಲೆಗೆ ಹೊದಿಸಿದ್ರೆ ಸುಲಭ. ಆಮೇಲೆ ತೋಳಿನ ತುದಿ ಪಟ್ಟಿ, ಗುಂಡಿ ಬಿಚ್ಚಿ ಒಳಮೈ ಮೊದಲು. ತೋಳು ಹಾಸುವಾಗ ಕೆಳಗಿನ ಹೊಲಿಗೆ ಸಾಲು ಹಿಡಿದು ಎರಡು ಪದರ ಸರಿಯಾಗಿ ಕೂತಿದೆಯಾ ನೋಡಿ, ಇಲ್ಲಾಂದ್ರೆ ಮೇಲೆ ನೀಟು, ತಿರುಗಿಸಿದ್ರೆ ಹೊಸ ಸುಕ್ಕು ಹುಟ್ಟಿರತ್ತೆ. ಆಮೇಲೆ ಮುಂಭಾಗ, ಹಿಂಭಾಗ. ಗುಂಡಿ ಇರೋ ಪಟ್ಟಿನ ಉಲ್ಟಾ ಮಾಡಿ, ದಪ್ಪ ಟವೆಲ್ ಮೇಲೆ ಗುಂಡಿ ಕೆಳಗೆ ಬರೋ ಹಾಗಿಟ್ಟು ಹಿಂಬದಿಯಿಂದ ಒತ್ತಿ, ಗುಂಡಿ ಟವೆಲ್‌ನಲ್ಲಿ ಹೂತ್ಕೊಂಡು ಮಧ್ಯದ ಬಟ್ಟೆ ಸಪಾಟಾಗತ್ತೆ. (ಟವೆಲ್‌ಗೂ ಇಸ್ತ್ರಿಗೂ ಇರಬೇಕಾದ ಸಂಬಂಧ ಇಷ್ಟೇ.) ಒಂದು ಶರ್ಟ್‌ಗೆ ಐದು ನಿಮಿಷಕ್ಕಿಂತ ಜಾಸ್ತಿ ಹಿಡಿದ್ರೆ ಪಸೆ ಸಾಕಾಗಿಲ್ಲ ಅಂತ ಅರ್ಥ, ಬಿಸಿ ಜಾಸ್ತಿ ಮಾಡಕ್ಕೆ ಹೋಗ್ಬೇಡಿ.

ಪ್ಯಾಂಟ್‌ನಲ್ಲಿ ಎಲ್ಲರೂ ಎಡವೋದು ಡಬಲ್ ಗೆರೆಲಿ. ಹಳೇ ಗೆರೆ ಪಕ್ಕದಲ್ಲೇ ಹೊಸ ಗೆರೆ, ರೈಲ್ವೆ ಹಳಿ ತರ. ಕಾಲಿನ ಒಳ ಹೊಲಿಗೆ ಹೊರ ಹೊಲಿಗೆ ಎರಡನ್ನೂ ಒಂದರ ಮೇಲೊಂದು ಕೂರಿಸಿ, ತಪ್ಪು ಗೆರೆನ ಒದ್ದೆ ಬಟ್ಟೆ ಇಟ್ಟು ಮೊದಲು ಪೂರ್ತಿ ಅಳಿಸಿ, ಆಮೇಲೆ ಹೊಸದು ಹಾಕಿ. ಗೆರೆ ಹಾಕುವಾಗ ಉಜ್ಜಬಾರದು, ಇಟ್ಟು, ಐದು ಎಣಿಸಿ, ಎತ್ತಿ, ಮುಂದಕ್ಕಿಡಬೇಕು.

ಉಣ್ಣೆಗೂ ಇದೇ ರೀತಿ, ಮೇಲೊಂದು ಒದ್ದೆ ಕಾಟನ್ ಬಟ್ಟೆ ಹಾಸಿ ಒತ್ತೋದು ಎತ್ತೋದು, ಎಳೆದ್ರೆ ಬಟ್ಟೆ ಹಿಗ್ಗಿ ಸೊಟ್ಟ ಆಗತ್ತೆ. ರೇಷ್ಮೆ ಉಲ್ಟಾ ಮಾಡಿ, ಮೇಲೆ ತೆಳು ಬಟ್ಟೆ ಇಟ್ಟು, ನೀರು ಮಾತ್ರ ಚಿಮುಕಿಸ್ಬೇಡಿ, ಹನಿ ಬಿದ್ದ ಕಡೆ ಕಲೆ ಉಳಿಯೋ ಚಾನ್ಸ್ ಇದೆ. ಕಪ್ಪು, ಕಡುನೀಲಿ ಬಟ್ಟೆನೂ ಉಲ್ಟಾನೇ, ಇಲ್ಲಾಂದ್ರೆ ಹೊಲಿಗೆ ಜೇಬು ಇರೋ ಉಬ್ಬುಗಳಲ್ಲಿ ಮಿರಮಿರ ಮಿಂಚೋ ಪಟ್ಟೆ ಬರತ್ತೆ. ಪ್ರಿಂಟ್ ಇರೋ ಟೀಶರ್ಟ್‌ಗೆ ಹಾಕಲೇಬೇಕು ಅನ್ನಿಸಿದ್ರೆ ಉಲ್ಟಾ ಮಾಡಿ ಕಮ್ಮಿ ಬಿಸಿ, ಪ್ರಿಂಟ್‌ನ ನೇರ ಮುಟ್ಟಿಸಿದ್ರೆ ಆ ಚಿತ್ರ ನಿಮ್ಮ ಐರನ್ ಬಾಕ್ಸ್ ಮೇಲಿರತ್ತೆ. ವೆಲ್ವೆಟ್‌ಗೆ ಹಬೆ ಮಾತ್ರ, ದೂರದಿಂದ.

ಕಲೆ ಇರೋ ಬಟ್ಟೆಗೆ ಇಸ್ತ್ರಿ ಹಾಕ್ಬೇಡಿ. "ನಾಳೆ ಹೆಂಗೂ ಒಗೀತೀನಿ, ಇವತ್ತೊಂದಿನ" ಅಂತ ಎಣ್ಣೆ ಕಲೆ, ಬೆವರಿನ ಹಳದಿ ಮೇಲೆ ಬಿಸಿ ಹಾಕಿದ್ರೆ ಅದು ಅಲ್ಲೇ ಮನೆ ಕಟ್ಕೊಳತ್ತೆ. ಬಿಳಿ ಕಾಟನ್ ಮೇಲೆ ಇಸ್ತ್ರಿಯಿಂದಲೇ ತಿಳಿ ಕಂದು ಸುಟ್ಟ ಗುರುತು ಬಂದಿದ್ರೆ 3 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್ ಸ್ವಲ್ಪ ಹಚ್ಚಿಟ್ಟು ಒಗೆದು ನೋಡಿ, ತೆಳುವಾಗಿದ್ರೆ ಹೋಗತ್ತೆ. ಗಾಢ ಕಂದು ಆಗಿದ್ರೆ ದಾರನೇ ಸುಟ್ಟಿದೆ ಅಂತ, ಏನೂ ಮಾಡಕ್ಕಾಗಲ್ಲ. ಬಣ್ಣದ ಬಟ್ಟೆಗೆ ಇದನ್ನ ಹಚ್ಚಬೇಡಿ, ಬಣ್ಣ ಹೋಗಬಹುದು.

ಸ್ಟೀಮ್ ಐರನ್ ಬೇಕಾ ಡ್ರೈ ಸಾಕಾ ಅಂತ ಕೇಳ್ತಾರೆ. ಪಸೆ ಇರುವಾಗಲೇ ಹಾಕೋ ಅಭ್ಯಾಸ ಇದ್ರೆ ಡ್ರೈ ಸಾಕು, ಬಟ್ಟೆ ಒಳಗಿನ ನೀರೇ ಹಬೆ ಆಗತ್ತೆ. ಸ್ಟೀಮ್ ಇದ್ರೆ ಗಡಸು ನೀರು ಹಾಕ್ಬೇಡಿ, ಸುಣ್ಣ ಕಟ್ಟಿ ತೂತು ಮುಚ್ಚಿ, ಒಂದು ಒಳ್ಳೇ ದಿನ ಬಿಳಿ ಶರ್ಟ್ ಮೇಲೆ ಕಂದು ನೀರು ಉಗಿಯತ್ತೆ. ಯಾವ ನೀರು ಅಂತ ಅದರ ಜೊತೆ ಬಂದ ಪುಸ್ತಕದಲ್ಲೇ ಬರೆದಿರತ್ತೆ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ ಇಡಿ.

ಕರೆಂಟ್ ಉಳಿಸೋರಿಗೆ: 1000 ವ್ಯಾಟ್ ಪೆಟ್ಟಿಗೆ ಅರ್ಧ ಗಂಟೆ ಉರಿದ್ರೆ ಹೆಚ್ಚಂದ್ರೆ ಅರ್ಧ ಯೂನಿಟ್ಟು, ಥರ್ಮೋಸ್ಟಾಟ್ ಮಧ್ಯೆ ಮಧ್ಯೆ ಆಫ್ ಆಗೋದ್ರಿಂದ ಅದಕ್ಕಿಂತ ಕಮ್ಮಿನೇ. ಆದ್ರೆ ದಿನಾ ಬೆಳಗ್ಗೆ ಒಂದೊಂದೇ ಶರ್ಟ್‌ಗೆ ಅಂತ ಹಚ್ಚಿದ್ರೆ ಪ್ರತಿ ಸಲ ತಣ್ಣಗಿಂದ ಬಿಸಿ ಮಾಡೋ ಖರ್ಚು ದಂಡ, ಜೊತೆಗೆ ಆ ಅವಸರ. ವಾರಕ್ಕೊಂದ್ಸಲ ಒಟ್ಟಿಗೆ ಕೂರಿಸ್ಕೊಳ್ಳಿ.

ಮುಗಿದ ತಕ್ಷಣ ಶರ್ಟ್ ಮೈಮೇಲೆ ಹಾಕ್ಕೊಂಡ್ರೆ ಬೆಚ್ಚಗೆ ಹಿತವಾಗಿರತ್ತೆ ನಿಜ, ಆದ್ರೆ ಅಣುಗಳ ಕೈ ಇನ್ನೂ ಸರಿಯಾಗಿ ಕೂಡಿರಲ್ಲ, ಮೊಣಕೈ ಹತ್ರ ಆ ಕ್ಷಣಕ್ಕೇ ಮುದುರತ್ತೆ. ಹ್ಯಾಂಗರ್‌ಗೆ ಹಾಕಿ ಐದು ನಿಮಿಷ ಬಿಡಿ. ಬೀರು ಒಳಗೂ ಒಂದಕ್ಕೊಂದು ಒತ್ತಿ ತುಂಬಿದ್ರೆ ಮಾಡಿದ ಕೆಲಸ ಎಲ್ಲ ನೀರಲ್ಲಿ ಹೋಮ, ಎರಡು ಹ್ಯಾಂಗರ್ ಮಧ್ಯೆ ಬೆರಳು ಆಡೋಷ್ಟು ಜಾಗ ಇರಲಿ.

ಕೊನೇ ಕಾಟನ್ ಶರ್ಟ್ ಮುಗಿದ ಮೇಲೆ ಪ್ಲಗ್ ತೆಗೆದುಬಿಡಿ. ತಳದಲ್ಲಿ ಇನ್ನೂ ನಾಲ್ಕೈದು ನಿಮಿಷದ ಬಿಸಿ ಇರತ್ತೆ. ಕರ್ಚೀಫು ನಿಮ್ಮಿಷ್ಟ ಅಂದಿದ್ನಲ್ಲ, ನಾನು ಹಾಕೋದು ಆಗಲೇ.